ಸೀಸದ ತಗಡಿನಲ್ಲಿ ಬಿಟ್ಟುಹೋದ ಅಕ್ಷರ

ಅಥೆನ್ಸಿನ ಕುಂಬಾರಗೇರಿಯಲ್ಲಿ ಮೂವತ್ತು ವರ್ಷ ಅಕ್ಷರ ಕಲಿಸಿದ ನನಗೆ ಥಲ್ಲನಷ್ಟು ಪ್ರೀತಿಯ, ಥಲ್ಲನಷ್ಟು ದಡ್ಡ ಶಿಷ್ಯ ಇನ್ನೊಬ್ಬ ಸಿಗಲಿಲ್ಲ. ವಿಭಕ್ತಿ ಪ್ರತ್ಯಯ ಅವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. 'ರಾಜನ ಕತ್ತೆ' ಎಂದು ಹೇಳಿ ಬರೆಸಿದರೆ 'ರಾಜ ಕತ್ತೆ' ಎಂದು ಬರೆದು ಒಪ್ಪಿಸುತ್ತಿದ್ದ. ಆದರೆ ದೊಡ್ಡವನಾಗಿ ಕುಂಬಾರನ ತಿಗರಿಯ ಮುಂದೆ ಕುಳಿತ ಮೇಲೆ ಅವನ ಬೆರಳು ಒಮ್ಮೆಯೂ ತಪ್ಪಲಿಲ್ಲ.

ಒಂದು ಬೆಳಿಗ್ಗೆ ಅವನು ನನ್ನ ಬಾಗಿಲಿಗೆ ಬಂದಾಗ ಬಲಗೈ ಗಡಗಡ ನಡುಗುತ್ತಿತ್ತು. ಹಿಂದೆಯೇ ಹೆಂಡತಿ ಮೆಲಿತ್ತ.

"ಮೇಷ್ಟ್ರೇ, ಒಂದು ತಪ್ಪು ಮಾಡ್ಬಿಟ್ಟೆ."

"ಒಂದಂತೆ! ಲೆಕ್ಕಾನೂ ಬರಲ್ಲ ಇವ್ರಿಗೆ," ಎಂದಳು ಮೆಲಿತ್ತ.

ಹಬ್ಬದ ಎಣ್ಣೆ ಕೊಡಗಳ ಕೆಲಸ ಎದುರುಮನೆಯ ಕುಂಬಾರ ಆರ್ಖಿಪ್ಪನಿಗೆ ಸಿಕ್ಕಿತ್ತು. ಹೊಟ್ಟೆಕಿಚ್ಚಿಗೆ ಥಲ್ಲ ಸೀಸದ ತಗಡಿನ ಮೇಲೆ ಶಾಪ ಗೀಚಿ, ಮಡಿಸಿ, ಮೊಳೆ ಹೊಡೆದು, ಮದುವೆಗೆ ಮುಂಚೆಯೇ ತೀರಿಕೊಂಡ ಹುಡುಗಿಯೊಬ್ಬಳ ಹೊಸ ಗೋರಿಯಲ್ಲಿ ಹುಗಿದಿದ್ದ. ಅಕಾಲದಲ್ಲಿ ಸತ್ತವರು ಅಂಥ ಓಲೆಯನ್ನು ಪಾತಾಳದ ರಾಣಿಗೆ ಬೇಗ ಮುಟ್ಟಿಸುತ್ತಾರೆಂದು ನಮ್ಮವರ ನಂಬಿಕೆ. ಆದರೆ ಐದು ದಿನಕ್ಕೆ ನಡುಗತೊಡಗಿದ್ದು ಥಲ್ಲನ ಕೈ.

"ಏನು ಬರೆದೆ? ಬರೆದ ಹಾಗೇ ಹೇಳು."

"'ಕೆಳಗಿನ ಅಮ್ಮಾ, ಥಲ್ಲ ಆರ್ಖಿಪ್ಪ ಕೈ ಕಟ್ಟು.' ಬೇಡಿದ್ದು ಯಾರು ಅಂತ ಗೊತ್ತಾಗ್ಲಿ ಅಂತ ಮೊದಲು ನನ್ನ ಹೆಸರು ಹಾಕ್ದೆ."

"'ನ' ಎಲ್ಲೋ?"

"ಯಾವ 'ನ' ಮೇಷ್ಟ್ರೇ?"

"ಆರ್ಖಿಪ್ಪನ ಕೈಯೋ, ಥಲ್ಲನ ಕೈಯೋ? ಆ ತಾಯಿಗೆ ಹೇಗೆ ಗೊತ್ತಾಗ್ಬೇಕು?"

"ಪಾತಾಳದಲ್ಲಿ ಪಾಪಿಗಳು ತೂತು ಕೊಡದಲ್ಲಿ ನೀರು ಹೊರ್ತಾರಂತಲ್ಲ," ಎಂದಳು ಮೆಲಿತ್ತ, "ಅವ್ರಿಗೆ ಇನ್ಮೇಲೆ ಇವ್ರೇ ಕೊಡ ಮಾಡ್ಕೊಡ್ಲಿ." ಹೇಳುತ್ತಲೇ ಅತ್ತುಬಿಟ್ಟಳು. ಕುಂಬಾರನ ಕೈ ಹೋದರೆ ಮನೆಯೇ ಹೋದಂತೆ.

ಓಲೆಯನ್ನು ಹೊರಗೆ ತೆಗೆಯಲೇಬೇಕಾಗಿತ್ತು. ಆದರೆ ಕದ್ದು ಗೋರಿ ಕೆದಕಿದವನನ್ನು ಸೇಡಿನ ದೇವತೆಗಳು, ನಾವು ಹೆದರಿ 'ದಯಾಳು ಅಮ್ಮಂದಿರು' ಎನ್ನುವವರು, ಸಾಯುವವರೆಗೂ ಅಟ್ಟುತ್ತಾರೆ. ಅವರ ನಿಜವಾದ ಹೆಸರನ್ನು ನಾನು ಬರೆಯಲಾರೆ. ಹುಡುಗಿಯ ತಾಯಿಯನ್ನೇ ಕೇಳಬೇಕು. ಹುಡುಗಿಯನ್ನು ಮಣ್ಣು ಮಾಡಿ ಅಂದಿಗೆ ಒಂಬತ್ತನೆಯ ದಿನ. ನಾವು ಮೂವರೂ ಹೋದಾಗ ತಾಯಿ ಸಿಮಿಖೆ ಗೋರಿಯ ಮೇಲೆ ಹಾಲು, ಜೇನು ಎರೆಯುತ್ತಿದ್ದಳು.

ಥಲ್ಲ ಮಂಡಿಯೂರಿದ. "ಅಕ್ಕಾ, ನಿಮ್ಮ ಮಗಳ ಕೈಲಿ ಒಂದು ಕೆಟ್ಟ ಓಲೆ ಕಳಿಸ್ಬಿಟ್ಟಿದ್ದೀನಿ."

ಅವಳು ಹಾಲಿನ ಗಿಂಡಿಯನ್ನು ಕೆಳಗಿಟ್ಟಳು. "ಬದುಕಿದ್ದಾಗ ಒಬ್ಬರ ಚಾಡಿ ಇನ್ನೊಬ್ಬರಿಗೆ ಹೇಳಿದವಳಲ್ಲ ಕಣೋ ನನ್ನ ಮಗು. ಸತ್ತ ಮೇಲೆ ಅವಳಿಗೆ ಈ ಕೆಲಸ ಹಚ್ಚಿದ್ಯಾ?" ಎಂದವಳೇ ಬರಿಗೈಯಿಂದ ಮಣ್ಣು ಬಗೆದು, ತಗಡನ್ನು ಅವನ ಮುಂದೆ ಎಸೆದಳು.

ನಾನು ಮೊಳೆ ಕಿತ್ತು ತಗಡನ್ನು ಬಿಡಿಸಿದೆ. ಆರ್ಖಿಪ್ಪನ ಹೆಸರಿನ ಕೊನೆಯಲ್ಲಿ ಒಂದು ಅಕ್ಷರಕ್ಕೆ ಸಾಕಾಗುವಷ್ಟು ಜಾಗವಿತ್ತು.

ಮೆಲಿತ್ತ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ಒಂದೇ ಅಕ್ಷರ ಮೇಷ್ಟ್ರೇ. ಹಾಕ್ಬಿಡಿ. ಇವ್ರ ಕೈ ಉಳಿಯತ್ತೆ."

ನಾಚಿಕೆಯಿಂದಲೇ ಹೇಳುತ್ತೇನೆ, ನನ್ನ ಕೈಲಿದ್ದ ಮೊಳೆ ಸೀಸಕ್ಕೆ ತಾಗಿತ್ತು. ಥಲ್ಲ ಅದನ್ನು ಕಿತ್ತುಕೊಂಡ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ತನ್ನ ಹೆಸರಿನ ಕೊನೆಯಲ್ಲಿ 'ನ' ಗೀಚಿದ. ಆರ್ಖಿಪ್ಪನ ಹೆಸರನ್ನು ಉಜ್ಜಿ ಉಜ್ಜಿ ಅಳಿಸಿದ.

"ಈಗ ಸರಿಯಾಯ್ತಾ ಮೇಷ್ಟ್ರೇ?"

ಸರಿಯಾಗಿತ್ತು. 'ಥಲ್ಲನ ಕೈ ಕಟ್ಟು' ಎಂದಿತ್ತು.

ಅವನು ತಗಡನ್ನು ಸಿಮಿಖೆಯ ಮುಂದೆ ಹಿಡಿದ. "ಅಕ್ಕಾ, ಅವಳು ಒಯ್ಯೋದಾದ್ರೆ ಇದನ್ನ ಒಯ್ಯಲಿ."

ಸಿಮಿಖೆ ಅವನ ಕೈಯನ್ನು ನೋಡಿದಳು. "ನನ್ನ ಮಗಳು ಯಾವುದನ್ನೂ ಒಯ್ಯಲ್ಲ. ತಗೊಂಡ್ಹೋಗಿ ನಿನ್ನ ಆವಿಗೆಗೆ ಹಾಕು," ಎಂದು ಗೋರಿಯನ್ನು ಮತ್ತೆ ಮಣ್ಣಿನಿಂದ ಮುಚ್ಚತೊಡಗಿದಳು.

ಸೀಸ ಕರಗಿತು. ನಡುಕ ಕಡಿಮೆಯಾಯಿತೇ ಹೊರತು ಪೂರ್ತಿ ಹೋಗಲಿಲ್ಲ. ಥಲ್ಲ ತಾನೇ ಹೋಗಿ ಆರ್ಖಿಪ್ಪನಿಗೆ ಎಲ್ಲವನ್ನೂ ಹೇಳಿದ. ಆರ್ಖಿಪ್ಪ ಮೂರು ದಿನ ಮುಖ ತಿರುಗಿಸಿಕೊಂಡು ಓಡಾಡಿದ. ನಾಲ್ಕನೆಯ ದಿನ ಬೀದಿಯ ಆಚೆಯಿಂದ ಕೂಗಿದ:

"ಲೋ ಥಲ್ಲ, ಶಾಪ ಹಾಕೋಕೂ ನೆಟ್ಟಗೆ ಬರಲ್ವಲ್ಲೋ ನಿಂಗೆ! ಬಾ, ನನ್ನ ಕೊಡಗಳಿಗೆ ಮಣ್ಣಾದ್ರೂ ತುಳಿ."

ಥಲ್ಲ ಹೋದ.