ಫಿಶ್ ಟ್ಯಾಂಕಿಗೆ ಉಪ್ಪು ಹೆಚ್ಚಾದಾಗ

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಾನು ನಮ್ಮತ್ತೆಯ ಮೇಲೆ ಕೊಲೆ ಆರೋಪ ಹೊರಿಸಿದೆ.

ಸತ್ತದ್ದು ಒಂದು ಮೀನು. ಹೆಬ್ಬೆರಳಿನಷ್ಟು ಉದ್ದ, ಕಿತ್ತಳೆ ಬಣ್ಣ, ಮೈಮೇಲೆ ಮೂರು ಬಿಳಿ ಪಟ್ಟೆ. ಕ್ಲೌನ್‌ಫಿಶ್ ಅನ್ನುತ್ತಾರೆ. ಸಮುದ್ರದ ಮೀನು. ಗುಂಡ್ಲುಪೇಟೆಯಲ್ಲಿ ಸಮುದ್ರದ ಮೀನಿಗೇನು ಕೆಲಸ ಎಂದು ನೀವು ಕೇಳಬಹುದು. ನಮ್ಮ ಬೀದಿಯವರೂ ಅದನ್ನೇ ಕೇಳಿದ್ದರು.

ಕಳೆದ ದಸರಾ ರಜೆಯಲ್ಲಿ ಗಡಿಯಾಚೆಯ ಬತ್ತೇರಿಯಲ್ಲಿರುವ ಗೆಳತಿಯ ಮನೆಗೆ ಹೋಗಿದ್ದೆವು. ಅವಳ ಮನೆಯಲ್ಲಿ ಟಿವಿ ಇರಬೇಕಾದ ಜಾಗದಲ್ಲಿ ಒಂದು ಗಾಜಿನ ತೊಟ್ಟಿ. ಒಳಗೆ ಕಲ್ಲು, ಮರಳು, ನೀಲಿ ಬೆಳಕು, ಕಲ್ಲಿನ ಮೇಲೆ ಹೂವಿನಂತೆ ಅರಳಿಕೊಂಡು ತೂಗಾಡುವ ಹವಳಗಳು. ಹವಳವೆಂದರೆ ಉಂಗುರಕ್ಕೆ ಹಾಕುವ ಕೆಂಪು ಕಲ್ಲು ಎಂದಷ್ಟೇ ನನ್ನ ಮನಸ್ಸಿನಲ್ಲಿತ್ತು. ಅದು ಪ್ರಾಣಿ, ಅದಕ್ಕೊಂದು ಬಾಯಿ ಇದೆ, ನೀರು ಹಿಡಿಸಿದರೆ ಅರಳುತ್ತದೆ, ಹಿಡಿಸದಿದ್ದರೆ ಮುದುಡಿಕೊಳ್ಳುತ್ತದೆ ಎಂದು ಕಣ್ಣಾರೆ ಕಂಡದ್ದು ಅವತ್ತೇ. ಒಂದು ಗಂಟೆ ಅದರ ಮುಂದೆ ಕೂತಿದ್ದೆ. ಕಾಫಿ ಆರಿಹೋಯಿತು.

ವಾಪಸ್ ಬರುವಾಗ ನಡುವಿನ ಕಾಡು ದಾಟುವ ಮೊದಲೇ ತೀರ್ಮಾನಿಸಿದ್ದೆ. ನಮ್ಮ ಮನೆಯಲ್ಲೂ ಒಂದು ಕಡಲು ಇರಬೇಕು. ನನ್ನ ಗಂಡ ಮಹೇಶ್ ಕಾರು ಓಡಿಸುತ್ತಾ, 'ಗುಂಡ್ಲುಪೇಟೇಲಿ ಕುಡಿಯೋ ನೀರಿಗೇ ಕಾಯ್ತೀವಿ, ನಿನಗೆ ಸಮುದ್ರ ಬೇಕಾ?' ಅಂದರು. ನಾನು ಚಾಮರಾಜನಗರದ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ನೀರು, ಉಪ್ಪು, ಅಮೋನಿಯ, ನೈಟ್ರೇಟ್ ಎಲ್ಲ ನನ್ನ ಮನೆಮಂದಿ ಇದ್ದಂತೆ. ನನಗಲ್ಲದೆ ಇನ್ಯಾರಿಗೆ ಬರುತ್ತದೆ?

(ಈ ವಾಕ್ಯವನ್ನು ದಯವಿಟ್ಟು ನೆನಪಿಡಬೇಡಿ.)

ಸಮುದ್ರ ಶುರುಮಾಡುವುದು ಸುಲಭವಲ್ಲ. ನಮ್ಮ ಬೋರ್‌ವೆಲ್ ನೀರು ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ಅದು ಆಗುವುದಿಲ್ಲ. ಫಿಲ್ಟರ್ ನೀರೇ ಬೇಕು. ಅದಕ್ಕೆ ಸಮುದ್ರದ್ದೇ ಅಳತೆಯ ಉಪ್ಪಿನ ಪುಡಿ ಕದಡಬೇಕು. ಅಡುಗೆ ಉಪ್ಪಲ್ಲ, ಮೈಸೂರಿನ ಅಂಗಡಿಯಿಂದ ತರಿಸಿದ ಬೇರೆಯದೇ ಉಪ್ಪು. ಕಲ್ಲು ಜೋಡಿಸಬೇಕು, ಅಲೆ ಎಬ್ಬಿಸಲು ಒಂದು ಪಂಪ್ ಇಡಬೇಕು. ಇಷ್ಟೆಲ್ಲ ಆದ ಮೇಲೆ ಏನು ಮಾಡಬೇಕು ಗೊತ್ತಾ? ಸುಮ್ಮನೆ ಕೂರಬೇಕು. ಆರು ವಾರ ಒಂದು ಮೀನನ್ನೂ ಬಿಡುವ ಹಾಗಿಲ್ಲ. ಮೀನಿನ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾ ಕಲ್ಲಿನ ಸಂದಿಗಳಲ್ಲಿ ಹುಟ್ಟಿ ಬೆಳೆಯುವವರೆಗೆ ಖಾಲಿ ನೀರು ನೋಡುತ್ತಿರಬೇಕು. ಆತುರಪಟ್ಟು ಮೀನು ಬಿಟ್ಟರೆ ಅದು ತನ್ನ ಹೊಲಸಿನಲ್ಲೇ ಸಾಯುತ್ತದೆ.

ನಾನು ಕಾದೆ. ಎರಡು ದಿನಕ್ಕೊಮ್ಮೆ ನೀರು ಪರೀಕ್ಷೆ ಮಾಡಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ನಮ್ಮತ್ತೆ ದೇವಮ್ಮಣ್ಣಿ ಅವರು ಈ ಅಂಕಣಕ್ಕೆ ಹೊಸಬರೇನಲ್ಲ. ಕೂಲಿಗೆ ಹೋಗಿ, ಹೊಲ ಮಾಡಿ ಮೂವರು ಮಕ್ಕಳನ್ನು ಓದಿಸಿದವರು. ಅವರು ಕಡಲು ನೋಡಿಲ್ಲ. ತೊಟ್ಟಿಯ ಮುಂದೆ ಕೂತು ಅವರೆಕಾಯಿ ಸುಲಿಯುತ್ತಾ ಒಂದು ದಿನ ಕೇಳಿದರು: 'ಮೀನಿಲ್ದಿರ ನೀರ ಯಾಕ ಕಾಯ್ತಿದ್ದೀಯವ್ವ?'

ವಿವರಿಸಿದೆ. 'ಹಂಗಾರ ಇನ್ನೂ ಉಳಿ ಬರ್ಬೇಕು ಅನ್ನು, ಇಟ್ಟಿಗ ಬಂದಂಗ,' ಅಂದರು. ಇಡ್ಲಿ ಹಿಟ್ಟಿನ ಲೆಕ್ಕದಲ್ಲಿ ಅವರಿಗೆ ಅರ್ಥವಾಗಿತ್ತು. ನನಗೆ ಆಗ ನಗು ಬಂತು.

ಡಿಸೆಂಬರ್ ಕೊನೆಯಲ್ಲಿ ಎರಡು ಕ್ಲೌನ್‌ಫಿಶ್ ಬಂದವು. ಆಮೇಲೆ ನಾಲ್ಕು ಬಸವನಹುಳ, ಎರಡು ಪುಟ್ಟ ಹವಳ. ಮೀನು ಬಂದ ದಿನವೇ ಅತ್ತೆಗೆ ಹೇಳಿದೆ: 'ಅತ್ತೆ, ದಯವಿಟ್ಟು ಇದನ್ನು ಮುಟ್ಟಬೇಡಿ. ಕೈಯಲ್ಲಿ ಸೋಪು ಇರುತ್ತೆ, ಎಣ್ಣೆ ಇರುತ್ತೆ. ಒಂದು ಹನಿ ಬಿದ್ದರೂ ಸಾಕು.' ಅವರು ತಲೆಯಾಡಿಸಿದರು. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ತೊಟ್ಟಿಯ ಮುಂದೆ ಕೂತು ಮೀನುಗಳಿಗೆ ಏನೋ ಹೇಳುತ್ತಿದ್ದರು. ಅಷ್ಟೇ ಅವರಿಗೆ ಇದ್ದ ಪರ್ಮಿಷನ್.

ಮಾರ್ಚ್ ಬಂತು. ಬಿಸಿಲು ಬಂತು. ನೀರು ಬಿಸಿಯಾದರೆ ಹವಳ ತಡೆಯುವುದಿಲ್ಲ ಎಂದು ತೊಟ್ಟಿಯ ಕಡೆಗೆ ಫ್ಯಾನ್ ತಿರುಗಿಸಿಟ್ಟೆ. ನೀರು ತಣ್ಣಗಾಯಿತು, ಆದರೆ ಬೇಗ ಬೇಗ ಇಂಗತೊಡಗಿತು. ಮೂರು ದಿನಕ್ಕೆ ಎರಡು ಬೆರಳಿನಷ್ಟು ಇಳಿಯುತ್ತಿತ್ತು. ನಾನು ಬಕೆಟ್‌ನಲ್ಲಿ ಉಪ್ಪುನೀರು ಕದಡಿ, ಅಳತೆ ಸರಿಯಿದೆಯಾ ಎಂದು ನೋಡಿ, ದಿನಾ ಕಾಲೇಜಿಗೆ ಹೊರಡುವ ಮೊದಲು ತೊಟ್ಟಿ ತುಂಬಿಸುತ್ತಿದ್ದೆ. ಸಮುದ್ರದ ನೀರು ಕಡಿಮೆಯಾದರೆ ಸಮುದ್ರದ ನೀರನ್ನೇ ತಾನೆ ತುಂಬಬೇಕು?

ಮೂರನೇ ವಾರ ಹವಳಗಳು ಮುದುಡಿಕೊಂಡವು. ಆಮೇಲೆ ಎರಡು ಬಸವನಹುಳ ಕಲ್ಲಿನಿಂದ ಕಳಚಿ ಮರಳಿನ ಮೇಲೆ ಬಿದ್ದವು. ನೋಟ್‌ಬುಕ್ ತೆರೆದು ನೋಡಿದರೆ ಅಮೋನಿಯ ಇಲ್ಲ, ನೈಟ್ರೈಟ್ ಇಲ್ಲ, ಎಲ್ಲ ಸರಿಯಾಗಿದೆ. ಹಾಗಾದರೆ ಹೊರಗಿನಿಂದ ಏನೋ ಬಿದ್ದಿದೆ.

ಆ ಶನಿವಾರ ಬೆಳಿಗ್ಗೆ ಎದ್ದು ಬಂದರೆ ಒಂದು ಮೀನು ಕಲ್ಲಿನ ಹಿಂದೆ ಅಡ್ಡ ಬಿದ್ದಿತ್ತು. ತೊಟ್ಟಿಯ ಪಕ್ಕದಲ್ಲಿ ಅತ್ತೆ ನಿಂತಿದ್ದರು. ಕೈಯಲ್ಲಿ ಒದ್ದೆ ಬಟ್ಟೆ.

'ಏನು ಮಾಡ್ತಿದ್ದೀರಿ?'

'ಏನಿಲ್ಲ ಕಣವ್ವ, ಗಾಜು ಒರೆಸ್ತಿದ್ದಿ.'

'ಮುಟ್ಟಬೇಡಿ ಅಂದಿರಲಿಲ್ವಾ? ದಿನಾ ಒರೆಸ್ತಿದ್ದೀರಾ?'

ಅವರು ಬಟ್ಟೆಯನ್ನು ಮಡಚಿ ಹಿಡಿದರು.

'ಆ ಬಟ್ಟೇಲಿ ಸೋಪಿದೆಯೋ ಫಿನಾಯಿಲ್ ಇದೆಯೋ ಯಾರಿಗೆ ಗೊತ್ತು? ನೋಡಿ, ಸತ್ತುಹೋಯ್ತು.'

'ನಾ ಒಳಕ ಏನೂ ಆಕಿಲ್ಲ ಕಣವ್ವ.'

'ಹಾಗಾದರೆ ತಾನಾಗಿ ಸತ್ತಿತಾ?'

ಮಹೇಶ್ ಪೇಪರ್ ಓದುತ್ತಿದ್ದರು. ಓದುತ್ತಲೇ ಇದ್ದರು. ಆ ಮೌನ ನನ್ನ ಪರವಾಗಿದೆ ಎಂದುಕೊಂಡೆ.

ಅತ್ತೆ ಬಟ್ಟೆಯನ್ನು ಹಿತ್ತಲಿಗೆ ಒಯ್ದು ಹಿಂಡಿ ಒಣಗಲು ಹಾಕಿದರು. ಸ್ನಾನ ಮಾಡಿ, ಒಂದು ಬ್ಯಾಗಿಗೆ ಎರಡು ಸೀರೆ ಹಾಕಿಕೊಂಡರು. 'ಮಂಜುಳನ ಮನೇಲಿ ಅರಿಶಿಣ ಒಣಗಾಕವ್ರಂತ. ನಾಕ್ ದಿನ ಇದ್ದು ಬತ್ತೀನಿ,' ಎಂದು ಮಗನಿಗೆ ಹೇಳಿ ಬೇಗೂರಿನ ಬಸ್ ಹತ್ತಿದರು. ಮಂಜುಳ ಅವರ ಕೊನೆಯ ಮಗಳು. ಹೊರಡುವಾಗ ನನಗೂ ಹೇಳಿದರು. ಅವರು ಯಾವತ್ತೂ ಹೇಳದೆ ಹೋದವರಲ್ಲ.

ನಾನು 'ಆಯ್ತು' ಅಂದೆ. ಅಷ್ಟೇ.

ಐದನೇ ದಿನ, ಗುರುವಾರ, ತೊಟ್ಟಿಯ ಅಂಚಿನಲ್ಲಿ ಒಂದು ಬಿಳಿ ಗೆರೆ ಕಂಡಿತು. ಬೆರಳಿನಿಂದ ಕೆರೆದು ನಾಲಿಗೆಗೆ ಮುಟ್ಟಿಸಿದೆ. ಉಪ್ಪು. ಗಾಜಿನ ಸುತ್ತಲೂ, ಪಂಪಿನ ವಯರಿನ ಮೇಲೂ ಉಪ್ಪು ಕಟ್ಟಿಕೊಂಡಿತ್ತು. ಇಷ್ಟು ದಿನ ಇದು ಇರಲಿಲ್ಲವಲ್ಲ?

ಉಳಿದಿದ್ದ ಒಂಟಿ ಮೀನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ಮೈಸೂರಿನ ಅಂಗಡಿಯವರಿಗೆ ಫೋನ್ ಮಾಡಿದೆ. ವಯಸ್ಸಾದ ಮನುಷ್ಯ, ನಿಧಾನಕ್ಕೆ ಮಾತಾಡುತ್ತಾರೆ.

'ಮೇಡಂ, ಟ್ಯಾಂಕಲ್ಲಿ ಉಪ್ಪು ಎಷ್ಟಿದೆ?'

'ಸರಿಯಾಗಿದೆ. ದಿನಾ ಅಳೆದೇ ಹಾಕ್ತೀನಿ.'

'ಬಕೆಟ್ದು ಅಳೀತೀರಾ, ಟ್ಯಾಂಕಿಂದು ಅಳೀತೀರಾ?'

ಬಕೆಟ್ ನೀರನ್ನು ದಿನಾ ಅಳೆಯುತ್ತಿದ್ದೆ. ಅದು ಸರಿಯಿದ್ದ ಮೇಲೆ ತೊಟ್ಟಿಯದೂ ಸರಿಯೇ ಇರಬೇಕಲ್ಲ?

'ಒಂದ್ಸಲ ಟ್ಯಾಂಕಿಂದು ನೋಡಿ. ನಾನು ಲೈನಲ್ಲೇ ಇರ್ತೀನಿ.'

ಉಪ್ಪು ಅಳೆಯಲು ದುರ್ಬೀನಿನಂಥ ಒಂದು ಪುಟ್ಟ ಸಾಧನವಿದೆ. ತುದಿಗೆ ಒಂದು ಹನಿ ನೀರು ಬಿಟ್ಟು ಬೆಳಕಿಗೆ ಹಿಡಿದು ನೋಡಬೇಕು. ನೋಡಿದೆ. ಗೆರೆ ಇರಬೇಕಾದ ಜಾಗದಿಂದ ಬಹಳ ಮೇಲಿತ್ತು.

ಅವರಿಗೆ ಹೇಳುವಾಗಲೇ ನನಗೆ ಎಲ್ಲ ಹೊಳೆದುಹೋಗಿತ್ತು. ಆವಿಯಾಗುವುದು ನೀರು ಮಾತ್ರ. ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಇಂಗಿದಷ್ಟಕ್ಕೆ ಬರೀ ಸಿಹಿನೀರು ತುಂಬಬೇಕಿತ್ತು. ನಾನು ದಿನಾ ಇದ್ದ ಉಪ್ಪಿನ ಮೇಲೆ ಮತ್ತೆ ಉಪ್ಪು ಸುರಿಯುತ್ತಿದ್ದೆ. ಇಪ್ಪತ್ತು ದಿನ ಅಳತೆ ತಪ್ಪದೆ, ಶ್ರದ್ಧೆಯಿಂದ ಸುರಿದೆ. ದ್ರಾವಣಗಳ ಪಾಠವನ್ನು ಸೆಕೆಂಡ್ ಪಿಯುಸಿ ಮಕ್ಕಳಿಗೆ ಹದಿನಾರು ವರ್ಷದಿಂದ ಮಾಡುತ್ತಿದ್ದೇನೆ.

ಇಷ್ಟು ಸಣ್ಣ ವಿಷಯ ಹೊಳೆಯದೆ ಹೋದದ್ದು ಹೇಗೆ? ಆ ದಿನ ಪೂರ್ತಿ ಯೋಚಿಸಿದೆ. ಮರೆವಿರಬಹುದು, ಅತಿಯಾದ ಆತ್ಮವಿಶ್ವಾಸ ಇರಬಹುದು. ಆದರೆ ಮೀನು ಸತ್ತ ಮೇಲೂ ಐದು ದಿನ ನಾನು ತೊಟ್ಟಿಯ ಉಪ್ಪು ಅಳೆಯಲಿಲ್ಲ. ಯಾಕೆಂದರೆ ನನಗೆ ಕಾರಣ ಸಿಕ್ಕಿಬಿಟ್ಟಿತ್ತು. ಆರೋಪಿ ಸಿಕ್ಕ ಮೇಲೆ ತನಿಖೆ ಯಾರು ಮಾಡುತ್ತಾರೆ?

ಮತ್ತೆ ಆರೋಪಿ ಸಿಕ್ಕದ್ದಾದರೂ ಹೇಗೆ? ಮನೆಯಲ್ಲಿ ಮೂವರಿದ್ದೆವು. ಮಹೇಶ್ ಆ ತೊಟ್ಟಿಯ ಮೇಲೆ ಕಾರಿನ ಕೀ, ಹೆಲ್ಮೆಟ್, ಒಮ್ಮೆ ಸೊಳ್ಳೆಬತ್ತಿ ಕೂಡ ಇಟ್ಟಿದ್ದಿದೆ. ಅವರ ಮೇಲೆ ನನಗೆ ಅನುಮಾನವೇ ಬರಲಿಲ್ಲ. ನನ್ನ ಮೇಲಂತೂ ಬರುವ ಮಾತೇ ಇಲ್ಲ. ಕಣ್ಣು ನೇರ ಹೋದದ್ದು ಓದುಬರಹ ಬಾರದ, ಎದುರು ಮಾತಾಡದ, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದ ಹೆಂಗಸಿನ ಕಡೆಗೆ.

ಭಾನುವಾರ ಬೇಗೂರಿಗೆ ಹೋದೆ. ಒಬ್ಬಳೇ ಹೋದೆ. ಮಂಜುಳನ ಮನೆಯ ಅಂಗಳದ ತುಂಬ ಬೇಯಿಸಿದ ಅರಿಶಿಣ ಹರಡಿತ್ತು. ಅತ್ತೆ ಬಿಸಿಲಲ್ಲಿ ಕೂತು ಕೊಂಬುಗಳನ್ನು ಮಗುಚುತ್ತಿದ್ದರು. ಮಂಜುಳ ನೀರು ತಂದುಕೊಟ್ಟು, ನನ್ನ ಮುಖ ನೋಡದೆ, 'ಅತ್ಗೆ, ಅವ್ವ ಬಂದ ದಿನ ಊಟ ಮಾಡ್ನಿಲ್ಲ,' ಅಂದಳು. ಒಳಗೆ ಹೋದಳು.

ಅತ್ತೆಯ ಪಕ್ಕ ಕೂತೆ. ನಾನೂ ಒಂದೆರಡು ಕೊಂಬು ಮಗುಚಿದೆ.

'ಅತ್ತೆ, ಮೀನು ಸತ್ತದ್ದು ನನ್ನಿಂದ. ನೀರು ಇಂಗಿದ ಹಾಗೆಲ್ಲ ಮತ್ತೆ ಉಪ್ಪುನೀರೇ ಹಾಕಿದೆ. ಉಪ್ಪು ಜಾಸ್ತಿಯಾಗಿ ಸತ್ತಿದೆ.'

ಅವರ ಕೈ ನಿಂತಿತು. 'ಸಾರು ಬತ್ತೋದ್ರ ಯಾರಾರ ಉಪ್ಪಾಕಾರ? ನೀರ್ ತಾನ ಬುಡದು?'

'ನಿಮಗೆ ಗೊತ್ತಿತ್ತಾ?'

'ಗಾಜಿನ ಅಂಚ್ಗ ದಿನಾ ಉಪ್ಪು ಕಟ್ತಿತ್ತಲ್ಲವ್ವ. ಅದ ಒರೆಸ್ತಿದ್ದಿ. ಬಟ್ಟಗ ಬರೀ ನೀರೇಯ, ಸೋಪು ಆಕಿರ್ನಿಲ್ಲ.'

'ನನಗೆ ಯಾಕೆ ಹೇಳಲಿಲ್ಲ ಅತ್ತೆ?'

ಅವರು ಒಂದು ಅರಿಶಿಣದ ಕೊಂಬನ್ನು ತಿರುಗಿಸಿ ತಿರುಗಿಸಿ ನೋಡಿದರು. 'ನೀ ಕಾಲೇಜಲ್ಲಿ ಪಾಠ ಯೋಳವಳು. ಸಮುದ್ರದ ನೀರು ಬ್ಯಾರೆ ತರ ಇದ್ದದು ಅನ್ಕಂಡಿ.'

ಅವರು ನನಗೆ ತೋರಿಸಿದ ಗೌರವವೇ ಅವರ ಬಾಯಿ ಮುಚ್ಚಿಸಿತ್ತು. ನಾನು ಅವರನ್ನು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. 'ಯಾಕೆ ಒರೆಸುತ್ತಿದ್ದೀರಿ?' ಅಷ್ಟೇ. ಉತ್ತರದಲ್ಲೇ ಎಲ್ಲ ಇರುತ್ತಿತ್ತು. ನಾನು ಕೇಳಿದ್ದು ಪ್ರಶ್ನೆಯಲ್ಲ, ಬೈಗುಳ. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇತ್ತು, ಅಷ್ಟೇ.

'ಇನ್ನೊಂದು ಮೀನು ಬದುಕ್ದದಾ?' ಎಂದು ಕೇಳಿದರು.

'ನೋಡಬೇಕು ಅತ್ತೆ.'

ಬದುಕಿತು. ಏರಿದ ಉಪ್ಪನ್ನು ಒಂದೇ ಸಲ ಇಳಿಸುವ ಹಾಗಿಲ್ಲ, ಇಳಿಸಿದರೆ ಅದೂ ಪೆಟ್ಟೇ. ದಿನಾ ಸ್ವಲ್ಪ ತೊಟ್ಟಿಯ ನೀರು ತೆಗೆದು ಸಿಹಿನೀರು ಬಿಡುತ್ತಾ ಹತ್ತು ದಿನ ಹಿಡಿಯಿತು. ಒಂದು ಹವಳ ಮತ್ತೆ ಅರಳಿತು. ಇನ್ನೊಂದು ಅರಳಲಿಲ್ಲ.

ಅತ್ತೆ ಅರಿಶಿಣದ ಕೆಲಸ ಮುಗಿಸಿ ಯುಗಾದಿಗೆ ಬಂದರು. ಎಲ್ಲ ಮೊದಲಿನಂತೆ ಇತ್ತು. ಅಡುಗೆಮನೆ, ಹಿತ್ತಲು, ಸಂಜೆಯ ಸೀರಿಯಲ್. ಆದರೆ ತೊಟ್ಟಿಯ ಮುಂದೆ ಕೂರುವುದನ್ನು ಬಿಟ್ಟಿದ್ದರು. ಬೆಳಗಿನ ಕಾಫಿ ಜಗುಲಿಗೆ ಹೋಗಿತ್ತು.

'ಅತ್ತೆ, ಇನ್ನು ಮೇಲೆ ನೀರು ತುಂಬುವ ಕೆಲಸ ನಿಮ್ಮದು,' ಅಂದೆ.

'ಬ್ಯಾಡ ಕಣವ್ವ. ನನ್ ಕೈಲಿ ಏನಾರ ಆದ್ರ?'

ಕೋಪವಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ಆಮೇಲೆ ಪರೀಕ್ಷೆಯ ಪೇಪರ್ ತಿದ್ದುವ ವ್ಯಾಲ್ಯುಯೇಷನ್ ಡ್ಯೂಟಿ ಬಂತು. ಎಂಟು ದಿನ ಮೈಸೂರಿನಲ್ಲಿ ಉಳಿಯಬೇಕು. ಮಹೇಶ್ ಆ ವಾರವೇ ಆಫೀಸಿನ ಕೆಲಸಕ್ಕೆ ಕೊಳ್ಳೇಗಾಲದ ಕಡೆ. ಬೇರೆ ದಾರಿಯೇ ಇರಲಿಲ್ಲ. 'ನೀವಲ್ಲದೆ ಯಾರಿದ್ದಾರೆ ಅತ್ತೆ?' ಅಂದೆ. ಫಿಲ್ಟರ್ ನೀರಿನ ಕ್ಯಾನ್ ತೋರಿಸಿ, ಮೀನಿನ ಆಹಾರದ ಡಬ್ಬಿ ಕೊಟ್ಟು ಹೊರಟೆ.

ವಾಪಸ್ ಬಂದಾಗ ಮೀನು ಆಡಿಕೊಂಡಿತ್ತು. ಹವಳ ನಾನು ಬಿಟ್ಟುಹೋದದ್ದಕ್ಕಿಂತ ಅಗಲವಾಗಿ ಅರಳಿತ್ತು. ಗಾಜಿನ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ. ಹತ್ತಿರ ಹೋಗಿ ನೋಡಿದರೆ ಹಣೆಗೆ ಇಡುವ ಸ್ಟಿಕ್ಕರ್ ಬೊಟ್ಟು. ನೀರು ಎಲ್ಲಿಯವರೆಗೆ ಇರಬೇಕು ಎಂದು ಗುರುತಿಗೆ ಅಂಟಿಸಿದ್ದರು. ನೀರು ಸರಿಯಾಗಿ ಆ ಬೊಟ್ಟಿನ ಮಟ್ಟದಲ್ಲಿ ನಿಂತಿತ್ತು. ಸಾಧನದಲ್ಲಿ ಉಪ್ಪು ನೋಡಿದೆ. ಕೂದಲೆಳೆಯಷ್ಟೂ ಏರುಪೇರಿಲ್ಲ.

ಈಗ ಆ ಕೆಲಸ ಅವರದೇ. ನನಗಿಂತ ಚೆನ್ನಾಗಿ ಮಾಡುತ್ತಾರೆ. ಆದರೆ ದಿನಾ ಬೆಳಿಗ್ಗೆ, ನಾನು ಮನೆಯಲ್ಲಿದ್ದರೆ, ಚೊಂಬಿನಲ್ಲಿ ನೀರು ಹಿಡಿದು ನಿಂತು ಕೇಳುತ್ತಾರೆ: 'ಬುಡ್ಲಾ ಕಣವ್ವ?'

ಕೇಳಬೇಡಿ ಅತ್ತೆ, ನೀರು ಬಿಡಿ ಎಂದು ಎಷ್ಟು ಸಲ ಹೇಳಿದ್ದೇನೋ. ನಾಳೆಯೂ ಕೇಳುತ್ತಾರೆ. ಅವರದೇ ಮನೆಯಲ್ಲಿ, ಒಂದು ಚೊಂಬು ನೀರಿಗೆ.

ನಿಮ್ಮ ಮನೆಯಲ್ಲಿ ನಿಮ್ಮನ್ನು ಕೇಳದೆ ಕೈ ಹಾಕಲು ಹೆದರುವವರು ಯಾರು, ಯಾವತ್ತಾದರೂ ಗಮನಿಸಿದ್ದೀರಾ?