ಮೊದಲ ನೂರು ಮಂದಿಗೆ

ಹೋಟೆಲುಗಳಿಗೆ ರೀಲ್ ಮಾಡಿಕೊಡುವುದು ನನ್ನ ಕೆಲಸ. ಅದಕ್ಕೂ ಮೊದಲು ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಆನ್‌ಲೈನ್ ಮಾರಾಟಕ್ಕೆಂದು ಪ್ಯಾಂಟುಗಳ ಫೋಟೊ ತೆಗೆಯುತ್ತಿದ್ದೆ. ಬೆಳಗಿನಿಂದ ಸಂಜೆಯವರೆಗೆ ಪ್ಯಾಂಟು, ಎಲ್ಲವೂ ನೀಲಿ. ಒಂದು ದಿನ ಬೇಸರ ಬಂದು, ಕೌಲ್ ಬಜಾರಿನಲ್ಲಿ ನಮ್ಮ ಮನೆ ಹತ್ತಿರದ ಚಹಾದಂಗಡಿಯಲ್ಲಿ ಹಾಲು ಉಕ್ಕುವುದನ್ನು ವಿಡಿಯೊ ಮಾಡಿ ಹಾಕಿದೆ. ವಾರದೊಳಗೆ ಆ ಅಂಗಡಿಯವರು ಇನ್ನೊಂದು ದೊಡ್ಡ ಪಾತ್ರೆ ತಂದಿಟ್ಟರು. ಆಮೇಲೆ ಒಬ್ಬರ ಹಿಂದೆ ಒಬ್ಬರು ಹೋಟೆಲಿನವರು ಕರೆಯತೊಡಗಿದರು. ಎರಡು ವರ್ಷ ಕಳೆಯುವ ಹೊತ್ತಿಗೆ ನನಗೆ ಈ ಕೆಲಸದ ಮರ್ಮವೆಲ್ಲ ಸಿಕ್ಕಿಬಿಟ್ಟಿದೆ ಎನ್ನುವ ಧಿಮಾಕು ಬಂದಿತ್ತು. ನೋಡುವವರ ಹೆಬ್ಬೆರಳು ಮೊದಲ ಮೂರು ಸೆಕೆಂಡಿನಲ್ಲೇ ನಿಲ್ಲಬೇಕು, ಮಾತಿಗಿಂತ ಎಣ್ಣೆಯ ಸದ್ದು ಜಾಸ್ತಿ ಕೆಲಸ ಮಾಡುತ್ತದೆ ಎಂದೆಲ್ಲ ಹೋಟೆಲಿನವರಿಗೆ ಪಾಠ ಹೇಳುತ್ತಿದ್ದೆ.

ಕುರುಗೋಡಿನ ಆ ಗಂಡ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂದದ್ದು ಆಗಲೇ. ಕುರುಗೋಡಿನ ಬಸ್ ನಿಲ್ದಾಣದ ಹತ್ತಿರ ಅವರದು ಒಗ್ಗರಣಿ ಮಿರ್ಚಿ ಅಂಗಡಿ. ಮಂಡಕ್ಕಿಯನ್ನು ನೀರಿಗೆ ಹಾಕಿ ಹಿಂಡಿ, ಈರುಳ್ಳಿ ಮೆಣಸಿನಕಾಯಿಯ ಒಗ್ಗರಣೆಗೆ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಪಕ್ಕದಲ್ಲಿ ಎರಡು ಬಿಸಿ ಮಿರ್ಚಿ. ಗಂಡ ಮಿರ್ಚಿ ಕರಿಯುವವರು, ಹೆಂಡತಿ ಕಲಸುವವರು. ಅವರ ತವರು ಸಿರುಗುಪ್ಪ. ಮಂಡಕ್ಕಿ ಅಲ್ಲಿಂದಲೇ, ಅವರ ಅಣ್ಣ ಮಂಡಕ್ಕಿ ಹುರಿಯುವ ಬಟ್ಟಿಯಿಂದ ಬರುತ್ತಿತ್ತು. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಯಾವಾಗ ಹಿಂಡಬೇಕು ಎನ್ನುವುದು ಅವರ ಬೆರಳಿಗೇ ಗೊತ್ತಿತ್ತು. ನಾನು ಅವರನ್ನು ಅಕ್ಕಾರ, ಅಣ್ಣಾರ ಎಂದು ಕರೆಯುತ್ತಿದ್ದೆ.

ಬಳ್ಳಾರಿಯಲ್ಲಿ ಒಂದು ಅಂಗಡಿ ತೆರೆಯಬೇಕೆಂದು ಅವರಿಗೆ ಬಹಳ ದಿನದ ಆಸೆ. ರೈಲ್ವೆ ಸ್ಟೇಷನ್ನಿನ ಕಡೆಯ ಒಂದು ಓಣಿಯಲ್ಲಿ ಒಂದೇ ಶಟರಿನ ಮಳಿಗೆ ಸಿಕ್ಕಿತ್ತು. ಓಣಿ ಇಕ್ಕಟ್ಟು. ಒಂದು ಆಟೊ ಬಂದರೆ ಎದುರಿನ ಸೈಕಲ್ಲು ಗೋಡೆಗೆ ಒರಗಬೇಕು. ಅಣ್ಣಾರು ಒಲೆಯನ್ನು ಒಳಗೆ, ಹಿಂದಿನ ಗೋಡೆಗೆ ಇಡಿಸಿದ್ದರು. ನಾನು ಒಪ್ಪಲಿಲ್ಲ.

"ಒಲಿ ಮುಂದ ಬರಬೇಕ್ರಿ ಅಣ್ಣಾರ. ಎಣ್ಣಿ ಕಾಣಬೇಕು, ಹೊಗಿ ಕಾಣಬೇಕು. ಇಲ್ಲಾಂದ್ರ ಕ್ಯಾಮೆರಾಕ್ಕ ಏನ್ ತೋರಿಸ್ಲಿ, ಗೋಡಿನಾ?"

ಒಲೆ ಮುಂದಕ್ಕೆ ಬಂತು, ಹೊಸ್ತಿಲಿಗೆ ತಾಗುವಷ್ಟು.

ಆಮೇಲೆ ನಾನು ಆಫರ್ ವಿಷಯ ಎತ್ತಿದೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಶುರು, ಮೊದಲು ಬಂದ ನೂರು ಮಂದಿಗೆ ಒಗ್ಗರಣಿ ಮಿರ್ಚಿ ಪುಕ್ಕಟೆ, ಈ ವಿಡಿಯೊ ತೋರಿಸಿದರೆ ಸಾಕು. ಅಣ್ಣಾರು ಒಂದು ಪ್ರಶ್ನೆ ಕೇಳಿದರು.

"ನೂರಾ ಒಂದನೇದವ ಏನ್ ಮಾಡಬೇಕು ತಂಗಿ?"

"ಅವ ರೊಕ್ಕ ಕೊಟ್ಟು ತಿಂತಾನ್ರಿ."

"ಪುಕ್ಕಟೆ ಅಂತ ಬಂದವ ರೊಕ್ಕ ಕೊಡ್ತಾನೇನು?"

ನಾನು ನಕ್ಕುಬಿಟ್ಟೆ. ಅವರು ಮತ್ತೇನೂ ಕೇಳಲಿಲ್ಲ. ಮೊಬೈಲಿನ ವಿಷಯ ಈ ಹುಡುಗಿಗೆ ನಮಗಿಂತ ಚೆನ್ನಾಗಿ ಗೊತ್ತು ಎಂದುಕೊಂಡಿರಬೇಕು. ನಾನೂ ಹಾಗೇ ಅಂದುಕೊಂಡಿದ್ದೆ.

ಗುರುವಾರ ಸಂಜೆ ವಿಡಿಯೊ ಹಾಕಿದೆ. ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಎಣ್ಣೆಗೆ ಬೀಳುವ ಸದ್ದು, ಅಕ್ಕಾರ ಅರಿಶಿನ ಹತ್ತಿದ ಕೈ, ಕೊನೆಗೆ ಆಫರ್. ಶುಕ್ರವಾರಕ್ಕೆ ಅದು ಊರೆಲ್ಲ ಓಡಾಡುತ್ತಿತ್ತು. ಶನಿವಾರ ಸಂಜೆ ಬೇರೆ ಎರಡು ಪೇಜಿನವರು ಅದನ್ನೇ ಕತ್ತರಿಸಿ ತಮ್ಮದೆಂಬಂತೆ ಹಾಕಿಕೊಂಡಿದ್ದು ಕಣ್ಣಿಗೆ ಬಿತ್ತು. ಮೇಲೆ ದಪ್ಪ ಅಕ್ಷರದಲ್ಲಿ, ಬಳ್ಳಾರಿಯಲ್ಲಿ ನಾಳೆ ಎಲ್ಲರಿಗೂ ಪುಕ್ಕಟೆ ತಿಂಡಿ. ನೂರು ಮಂದಿ ಎಂಬ ಮಾತೇ ಅದರಲ್ಲಿರಲಿಲ್ಲ. ಅವರಿಗೆ ಬರೆದು ತೆಗೆಸಬಹುದಿತ್ತು. ನನ್ನ ಪೇಜಿನಲ್ಲಿ ಇದು ಸುಳ್ಳು ಎಂದು ಹೇಳಬಹುದಿತ್ತು. ನಾನು ಮಾಡಿದ್ದು ಇಷ್ಟೇ, ಎರಡಕ್ಕೂ ಒಂದೊಂದು ಹೃದಯದ ಗುರುತು ಒತ್ತಿದೆ. ಪ್ರಚಾರ ತಾನೇ, ಆಗಲಿ ಎಂದು.

ಭಾನುವಾರ ಏಳು ಗಂಟೆಗೆ ಓಣಿಯ ತುದಿಯಲ್ಲಿ ಆಟೊ ಇಳಿದಾಗ ಯಾರದೋ ಮೆರವಣಿಗೆ ಹೊರಟಿದೆ ಅಂದುಕೊಂಡೆ. ಮುಂದೆ ಹೋಗಲು ಆಗಲಿಲ್ಲ. ಪಕ್ಕದ ಓಣಿಗೆ ಹೋಗಿ ಮಳಿಗೆಯ ಹಿಂಬಾಗಿಲು ಬಡಿದೆ. ಅಣ್ಣಾರು ಬಾಗಿಲು ತೆಗೆದರು. ಮುಖ ಬೆವತುಹೋಗಿತ್ತು.

"ಆರೂವರಿಗೇ ಶಟ್ರು ತೆಗಿಸಿದ್ರು ತಂಗಿ. ಬಡದು ಬಡದು ತೆಗಿಸಿದ್ರು."

ಮುಂದೆ ಹೋಗಿ ನೋಡಿದರೆ ತಲೆಗಳೇ ತಲೆ. ಹಾಸ್ಟೆಲ್ ಹುಡುಗರು, ರಜೆಯ ದಿನದ ಜೀನ್ಸ್ ಕೆಲಸಗಾರರು, ಆಟೊದವರು, ಮಕ್ಕಳನ್ನು ಕರೆತಂದ ಹೆಂಗಸರು. ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲದರಲ್ಲೂ ನನ್ನ ವಿಡಿಯೊ. ನೂರು ಚೀಟಿ ಬರೆದುಕೊಂಡು ಹೋಗಿದ್ದೆ. ಕೊಡಲು ಕೈ ಚಾಚಿದ್ದೇ ತಡ, ಇಡೀ ಕಟ್ಟನ್ನೇ ಯಾರೋ ಕಿತ್ತುಕೊಂಡರು.

ಆ ಹೊತ್ತಿಗೂ ನಾನು ಮಾಡಿದ ಮೊದಲ ಕೆಲಸ ಸ್ಟೂಲ್ ಹತ್ತಿ ವಿಡಿಯೊ ತೆಗೆದದ್ದು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಇಷ್ಟು ಜನ ನನ್ನ ಚೌಕಟ್ಟಿನೊಳಗೆ ಯಾವತ್ತೂ ಬಂದಿರಲಿಲ್ಲ. ಸ್ಟೂಲಿನ ಮೇಲಿಂದ ಕಂಡದ್ದು ಏನೆಂದರೆ, ಮುಂದಿನವರು ತಳ್ಳುತ್ತಿರಲಿಲ್ಲ. ಅವರು ಹಿಂದಕ್ಕೆ ಸರಿಯಲು ಒದ್ದಾಡುತ್ತಿದ್ದರು. ಓಣಿಯ ತುದಿಯಿಂದ ಒಳಬರುವವರಿಗೆ ಇದು ಗೊತ್ತೇ ಇರಲಿಲ್ಲ. ಅವರು ನಗುತ್ತಾ ಸಿಳ್ಳೆ ಹಾಕುತ್ತಾ ನೂಕುತ್ತಿದ್ದರು.

ಮುಂದಿನ ಸಾಲಿನಲ್ಲಿ ಒಬ್ಬಾಕೆ ಸೊಂಟದ ಮೇಲೆ ಕೂಸು ಇಟ್ಟುಕೊಂಡಿದ್ದಳು. ಹಸಿರು ಬುರ್ಖಾ. ಒಲೆಯ ಕಟ್ಟೆ ಅವಳ ಹೊಟ್ಟೆಗೆ ಒತ್ತುತ್ತಿತ್ತು. ಕೂಸಿನ ಕಾಲು ಬಾಣಲೆಯ ಮೇಲೆಯೇ ಇತ್ತು. ಅವಳು ಕೂಗುತ್ತಿದ್ದಳು, ಗದ್ದಲದಲ್ಲಿ ಬಾಯಿ ಮಾತ್ರ ಕಾಣುತ್ತಿತ್ತು. ನಾನು "ಅಕ್ಕಾರ!" ಎಂದು ಕಿರುಚಿದೆ.

ಅಕ್ಕಾರು ಅಷ್ಟರಲ್ಲೇ ನೋಡಿದ್ದರು. ಹಿಂದಿನಿಂದ ಇನ್ನೊಂದು ನೂಕು ಬಂತು. ಒಲೆ ವಾಲಿತು. ಅವರು ಬಾಣಲೆಯ ಕಿವಿಯನ್ನು ಬರಿಗೈಯಲ್ಲೇ ಹಿಡಿದು ತಮ್ಮ ಕಡೆಗೆ ಎಳೆದುಕೊಂಡರು. ಎಣ್ಣೆ ಅವರ ಬಲಗೈ ಮೇಲೆ, ಮೊಣಕೈಯಿಂದ ಬೆರಳುಗಳವರೆಗೆ ಹರಿಯಿತು. ಅವರು ಕಿರುಚಲಿಲ್ಲ. "ಗ್ಯಾಸು" ಎಂದರು ಅಷ್ಟೇ. ಅಣ್ಣಾರು ಸಿಲಿಂಡರ್ ಬಂದ್ ಮಾಡಿ, ಬಾಣಲೆಯನ್ನು ಇಕ್ಕಳದಲ್ಲಿ ಹಿಡಿದು ಹಿಂದಿನ ಮೂಲೆಗೆ ಒಯ್ದರು. ಹಸಿರು ಬುರ್ಖಾದವಳು ಅಷ್ಟರೊಳಗೆ ಜನರ ನಡುವೆ ಎಲ್ಲೋ ಮರೆಯಾಗಿದ್ದಳು.

ನನಗೆ ತೋಚಿದ್ದು ಒಂದೇ. ಲೈವ್ ಹೋದೆ. "ದಯವಿಟ್ಟು ಯಾರೂ ಬರಬ್ಯಾಡ್ರಿ, ಎಲ್ಲಾ ಖಾಲಿ ಆಗೈತಿ, ಇಲ್ಲಿ ಬಾಳ ಗದ್ಲ ಐತಿ" ಎಂದು ಅಳುತ್ತಾ ಹೇಳಿದೆ. ಪರದೆಯ ಮೇಲೆ ಹೃದಯಗಳು ತೇಲಿದವು. ಸೂಪರ್ ಎಂದರು. ಯಾವ ಓಣಿ ಅಂತ ಕೇಳಿದರು. ಒಬ್ಬ, ಆ್ಯಕ್ಟಿಂಗ್ ಚೆನ್ನಾಗಿದೆ, ಹತ್ತು ನಿಮಿಷದಲ್ಲಿ ಬರ್ತೀವಿ ಎಂದ. ನನ್ನ ಬೆನ್ನ ಹಿಂದಿನ ಜನಜಾತ್ರೆ ನೋಡಿ ಅವರಿಗೆ ಇನ್ನಷ್ಟು ಆಸೆ ಹುಟ್ಟುತ್ತಿತ್ತು. ಲೈವ್ ನಿಲ್ಲಿಸಿ ಮೊಬೈಲನ್ನು ಜೇಬಿಗೆ ತುರುಕಿಕೊಂಡೆ.

ಅಣ್ಣಾರು ಶಟರಿನ ಕೊಕ್ಕೆ ಹಿಡಿದಿದ್ದರು.

"ಎಳಿಬ್ಯಾಡ್ರಿ!" ಅಕ್ಕಾರು ಕೂಗಿದರು. ನೀರಿನ ಬಕೆಟ್ಟಿನಲ್ಲಿ ಕೈ ಮುಳುಗಿಸಿಕೊಂಡು ನೆಲದ ಮೇಲೆ ಕೂತಿದ್ದರು. "ಶಟ್ರು ಎಳದ್ರ ಮುಂದಿನೋರು ಅದಕ್ಕ ಒತ್ತಿ ಸಾಯ್ತಾರ."

"ಮತ್ತ ಏನ್ ಮಾಡ್ಲೇ?"

"ಬಡಸೂದನ್ನ ಆ ಕಡಿಂದ ಸುರು ಮಾಡ್ರಿ. ಓಣಿ ಬಾಯಾಗ. ಹಿಂದಿನೋರು ತಿರುಗಿದ್ರ ಮುಂದಿನೋರು ಉಸಿರು ಬಿಡ್ತಾರ. ಬುಟ್ಟಿ ತಗಂಡು ಹಿತ್ತಲ ಬಾಗಲಿಂದ ಹೋಗ್ರಿ. ಯಾರಿಗೂ ನಿಂತು ಕೊಡಬ್ಯಾಡ್ರಿ, ಕುಂದರಸ್ರಿ. ಪಂಕ್ತಿ ಹಾಕಸ್ರಿ."

ಕಲಸಿಟ್ಟ ಒಗ್ಗರಣಿಯ ದೊಡ್ಡ ಬುಟ್ಟಿಯನ್ನು ನಾನೊಂದು ಕಡೆ, ಅಣ್ಣಾರೊಂದು ಕಡೆ ಹಿಡಿದು ಹಿಂಬಾಗಿಲಿನಿಂದ ಓಡಿದೆವು. ಪಕ್ಕದ ಓಣಿ ಸುತ್ತಿ ದೊಡ್ಡ ರಸ್ತೆಗೆ ಬರಲು ನಾಲ್ಕು ನಿಮಿಷ ಹಿಡಿದಿರಬಹುದು. ಅಷ್ಟು ಹೊತ್ತೂ ಆ ಕೂಸಿನ ಕಾಲು ನನ್ನ ಕಣ್ಣ ಮುಂದಿತ್ತು. ಒಳಗಿಂದ ಯಾರದೋ ಅಳು ಕೇಳುತ್ತಿತ್ತು. ಬುಟ್ಟಿ ಭಾರಕ್ಕೆ ಅಣ್ಣಾರ ಚಪ್ಪಲಿ ಕಿತ್ತುಹೋಯಿತು. ಅದನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ನಡೆದರು.

ಓಣಿಯ ಬಾಯಿಗೆ ಬಂದು ಅಣ್ಣಾರು ಗಂಟಲು ಹರಿಯುವಂತೆ ಕೂಗಿದರು. "ಇಲ್ಲಿ ಬರ್ರೀ! ಇಲ್ಲಿ ಬಡಸ್ತೀವಿ! ಕುಂತೋರಿಗೆ ಅಷ್ಟ!"

ಯಾರೂ ತಿರುಗಲಿಲ್ಲ. ಕೂತುಕೊಳ್ಳಿ ಎಂದು ಅಣ್ಣಾರು ತೆಲುಗಿನಲ್ಲೂ ಕೂಗಿದರು, "ಕೂರ್ಚೋಂಡಿ!" ನಾನು ನಮ್ಮ ಮನೆಯ ಉರ್ದುವಿನಲ್ಲಿ "ಬೈಠೋ ಭಾಯ್, ಬೈಠೋ!" ಎಂದು ಅರಚಿದೆ. ಕೊನೆಯ ಸಾಲಿನ ಇಬ್ಬರು ತಿರುಗಿ ಬುಟ್ಟಿ ನೋಡಿದರು. ಅವರನ್ನು ನೋಡಿ ಇನ್ನು ನಾಲ್ಕು ಮಂದಿ. ಒಬ್ಬ ಮುದುಕ ರಸ್ತೆಯ ಅಂಚಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟ. ಹಳೇ ಪೇಪರಿನ ತುಂಡಿನಲ್ಲಿ ಒಂದು ಹಿಡಿ ಒಗ್ಗರಣಿ ಅವನ ಮುಂದಿಟ್ಟೆ. ಆಮೇಲೆ ಅವನ ಪಕ್ಕ ಇನ್ನೊಬ್ಬ. ಬುಟ್ಟಿಗೆ ಕೈ ಹಾಕಲು ಬಂದ ಹುಡುಗರಿಗೆ ಆ ಮುದುಕನೇ ಬೈದ, "ಕುಂದರ್ರಲೇ, ಮಠದಾಗ ಹಿಂಗ ಉಣ್ತೀರೇನು?" ಸಾಲು ಬೆಳೆಯಿತು. ಎದುರುಬದುರಾಗಿ ಎರಡು ಸಾಲು, ಡಾಂಬರಿನ ಮೇಲೆ, ಅಂಗಡಿಗಳ ಮುಚ್ಚಿದ ಶಟರುಗಳ ಮುಂದೆ. ಓಣಿಯೊಳಗಿಂದ ಜನ ಹೊರಕ್ಕೆ ಬರತೊಡಗಿದರು. ಬಂದವರಲ್ಲಿ ಕೆಲವರ ಅಂಗಿ ಹರಿದಿತ್ತು. ಒಬ್ಬ ಹುಡುಗಿ ಎದೆ ಹಿಡಿದುಕೊಂಡು ಗೋಡೆಗೆ ಒರಗಿ ಉಸಿರಿಗಾಗಿ ಬಾಯಿ ತೆರೆಯುತ್ತಿದ್ದಳು. ಬಡಿಸುತ್ತಲೇ ಹಸಿರು ಬುರ್ಖಾ ಹುಡುಕುತ್ತಿದ್ದೆ. ಕಾಣಲಿಲ್ಲ.

ಬುಟ್ಟಿ ಖಾಲಿಯಾಗುವ ಹೊತ್ತಿಗೆ ಪೊಲೀಸ್ ಜೀಪು ಬಂತು. ಒಳಗೆ ಹೋಗಿ ನೋಡಿದರೆ ಓಣಿಯ ತುಂಬ ಚಪ್ಪಲಿ. ಒಬ್ಬನ ಮೂಗಿನಿಂದ ರಕ್ತ ಬಂದಿತ್ತು, ಇನ್ನೊಬ್ಬನ ಕಾಲು ಉಳುಕಿತ್ತು. ಜೀವಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ಅಕ್ಕಾರನ್ನು ಆಟೊದಲ್ಲಿ ಆಸ್ಪತ್ರೆಗೆ ಕಳಿಸಿ ನಾವಿಬ್ಬರೂ ಠಾಣೆಗೆ ಹೋದೆವು.

"ಪರ್ಮಿಷನ್ ತಗಂಡಿದ್ರೇನು?" ಅಧಿಕಾರಿ ಕೇಳಿದರು.

"ಇಲ್ರಿ. ನಂದ ತಪ್ಪು. ಅಂಗಡಿ ನಂದು" ಎಂದರು ಅಣ್ಣಾರು, ನಾನು ಬಾಯಿ ತೆರೆಯುವ ಮೊದಲೇ.

"ಅವರದಲ್ರಿ. ಅವರು ಬ್ಯಾಡ ಅಂದಿದ್ರು. ನಾನು ಕೇಳ್ಲಿಲ್ಲ" ಎಂದೆ.

ಅಧಿಕಾರಿ ಇಬ್ಬರ ಮುಖವನ್ನೂ ನೋಡಿ, ಇಬ್ಬರಿಂದಲೂ ಬರೆಸಿಕೊಂಡು, ಇನ್ನೊಮ್ಮೆ ಹೀಗಾದರೆ ಕೇಸು ಹಾಕುವುದಾಗಿ ಹೇಳಿ ಕಳಿಸಿದರು. ಹೊರಗೆ ಬಂದ ಮೇಲೆ ಅಣ್ಣಾರು ನನ್ನನ್ನು ಬೈಯಲಿಲ್ಲ. ಮಾತೂ ಆಡಲಿಲ್ಲ. ಬರಿಗಾಲಲ್ಲೇ ಆಸ್ಪತ್ರೆಯ ಕಡೆ ನಡೆದರು. ನಾನು ಹಿಂದೆ ಹೋಗಲೋ ಬೇಡವೋ ಎಂದು ನಿಂತೇ ಇದ್ದೆ.

ಮುಂದಿನ ದಿನಗಳಲ್ಲಿ ಪೇಜಿನ ತುಂಬ ಬೈಗುಳ. ಮೋಸಗಾರರು, ಪುಕ್ಕಟೆ ಅಂತ ಕರೆದು ನಾಯಿಗಳಂತೆ ರಸ್ತೆ ಮೇಲೆ ಕೂರಿಸಿದರು ಎಂದು. ಬೈದವರಿಗೆ ಉತ್ತರ ಕೊಡುವುದರಲ್ಲಿ ನಾನು ಪಳಗಿದವಳು, ಆದರೂ ಬೆರಳು ಏಳಲಿಲ್ಲ. ಕೊನೆಗೆ ಮುಖಕ್ಕೆ ಮೊಬೈಲ್ ಹಿಡಿದು ನಡೆದದ್ದನ್ನೆಲ್ಲ ಹೇಳಿದೆ. ಒಲೆ ಮುಂದೆ ಇಡಿಸಿದ್ದು, ಆ ಎರಡು ಪೇಜಿಗೆ ಹೃದಯ ಒತ್ತಿದ್ದು, ಸ್ಟೂಲ್ ಹತ್ತಿದ್ದು. ಅದನ್ನು ನೋಡಿದವರು ಕಡಿಮೆ.

ಅಕ್ಕಾರು ಸಿರುಗುಪ್ಪದ ತವರಿಗೆ ಹೋಗಿದ್ದರು. ಹನ್ನೆರಡು ದಿನದ ಮೇಲೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಾಲುವೆ, ಗದ್ದೆ, ಆಮೇಲೆ ರೈಸ್ ಮಿಲ್ಲುಗಳ ಗೋಡೆ. ಏನು ಹೇಳಬೇಕೆಂದು ಹತ್ತು ಸಲ ಮನಸ್ಸಿನಲ್ಲೇ ಆಡಿ ನೋಡಿಕೊಂಡೆ. ಅಕ್ಕಾರು ಬಟ್ಟಿಯ ಮುಂದೆ ಮಂಚದ ಮೇಲೆ ಕೂತಿದ್ದರು, ಕೈಗೆ ಬಿಳಿ ಪಟ್ಟಿ. ನಾನು ತಪ್ಪಾಯ್ತು ಎನ್ನುವ ಮೊದಲೇ ಅವರೇ ಕೇಳಿದರು.

"ಆ ಕೂಸಿನ ತಾಯಿ ಸಿಕ್ಕಳೇನು?"

"ಇಲ್ರಿ ಅಕ್ಕಾರ."

"ಹುಡಿಕಿದೇನು?"

ಹುಡುಕಿರಲಿಲ್ಲ. ಏನು ಕೇಳಬೇಕಾಗುತ್ತದೋ ಎಂಬ ಹೆದರಿಕೆ ಇತ್ತು.

"ನನಗ ನಿದ್ದಿ ಬರವಲ್ದು" ಎಂದರು ಅಕ್ಕಾರು. "ಕೈ ಉರಿಗಲ್ಲ. ಎಣ್ಣಿ ನನ್ನ ಕಡೆ ಎಳಕಂಡೆ, ಖರೆ. ಆದ್ರ ಆ ಕಡಿ ಎಷ್ಟು ಸಿಡೀತು, ನನಗ ಗೊತ್ತಿಲ್ಲ. ನಿನ್ ತಾವ ಇಷ್ಟು ಮಂದಿ ಅದಾರ. ಒಬ್ಬಾಕಿನ್ನ ಹುಡುಕಾಕ ಆಗಾಂಗಿಲ್ಲೇನು?"

ಅವರು ನನ್ನ ಮೇಲೆ ಸಿಟ್ಟಾಗಿದ್ದರು. ಆ ದಿನ ಚಹಾ ಕೊಟ್ಟರು, ಆದರೆ ಹೋಗಿ ಬಾ ಎನ್ನಲಿಲ್ಲ.

ಪೇಜಿನಲ್ಲಿ ಹಾಕಿದೆ, ಯಾರೂ ಸುಳಿವು ಕೊಡಲಿಲ್ಲ. ಕೊನೆಗೆ ನನ್ನ ತಾಯಿ, ಅಮ್ಮಿಯೇ ಹೊರಟಳು. ಕೌಲ್ ಬಜಾರಿನಲ್ಲಿ ಅವಳಿಗೆ ಗೊತ್ತಿಲ್ಲದ ಮನೆಯಿಲ್ಲ. ಮೂರು ದಿನ ಬಾಗಿಲು ಬಾಗಿಲಿಗೆ ಹೋಗಿ, ಹಸಿರು ಬುರ್ಖಾ, ಸೊಂಟದಲ್ಲಿ ಕೂಸು ಎಂದು ಕೇಳುತ್ತಾ ಹೋದಳು. ನಾಲ್ಕನೇ ದಿನ ಮಧ್ಯಾಹ್ನ ಬಂದು, "ಚಲ್, ಸಿಕ್ಕಳು" ಎಂದಳು.

ಮನೆಯಲ್ಲೇ ಪ್ಯಾಂಟಿಗೆ ಗುಂಡಿ ಹಾಕುವ ಹೆಂಗಸು. ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತಳು. ನಾನು ಹೇಳುವುದನ್ನೆಲ್ಲ ಕೇಳಿ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದಳು. ಎಡಗಾಲಿನ ಮೇಲೆ ಬೇಳೆಯಷ್ಟು ಅಗಲದ ಮೂರು ಕಲೆ, ಒಣಗುತ್ತಾ ಬಂದಿದ್ದವು.

"ಇಷ್ಟೇ ಆಗಿದ್ದು" ಎಂದಳು. "ಆಯಮ್ಮ ಇಲ್ಲದಿದ್ದರೆ..." ಆಮೇಲೆ ನನ್ನ ಕಡೆ ತಿರುಗಿ, "ಆ ವಿಡಿಯೊ ನೋಡಿಯೇ ಹೋಗಿದ್ದೆ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಸಿರುಗುಪ್ಪಕ್ಕೆ ವಿಡಿಯೊ ಕಾಲ್ ಮಾಡಿ ಮೊಬೈಲನ್ನು ಅವಳ ಕೈಗೆ ಕೊಟ್ಟೆ. ಅಕ್ಕಾರು ಕಾಲು ತೋರಿಸು ಎಂದರು. ಹತ್ತಿರ ಹಿಡಿ ಎಂದರು. ಇನ್ನೂ ಹತ್ತಿರ. ನೋಡಿ ಮುಗಿದ ಮೇಲೆ ಮೊಬೈಲನ್ನು ಪಕ್ಕಕ್ಕಿಟ್ಟರು. ಮೂಗೇರಿಸುವ ಸದ್ದು ಮಾತ್ರ ಬಂತು. ಆಮೇಲೆ ಇಬ್ಬರೂ ಯಾವ ಮುಲಾಮು, ದಿನಕ್ಕೆ ಎಷ್ಟು ಸಲ ಎಂದು ಮಾತಿಗಿಳಿದರು. ಅಮ್ಮಿ ನಡುವೆ ಬಾಯಿ ಹಾಕಿ ಲೋಳೆಸರದ ವಿಷಯ ಹೇಳಿದಳು.

ಬಳ್ಳಾರಿಯ ಅಂಗಡಿ ಒಂದೂವರೆ ತಿಂಗಳು ಮುಚ್ಚಿತ್ತು. ಈಗ ತೆರೆದಿದೆ, ಒಲೆ ಹಿಂದಿನ ಗೋಡೆಗೆ ಹೋಗಿದೆ. ಅಕ್ಕಾರ ಬಲಗೈ ಚರ್ಮ ಸೆಳೆದುಕೊಂಡು ಬೆರಳು ಪೂರ್ತಿ ಮಡಚುವುದಿಲ್ಲ, ಮಂಡಕ್ಕಿಯನ್ನು ಎಡಗೈಯಲ್ಲಿ ಹಿಂಡಲು ಕಲಿಯುತ್ತಿದ್ದಾರೆ. ವ್ಯಾಪಾರ ಸುಮಾರು. ಬೆಳಗಿನ ರೈಲಿನಿಂದ ಇಳಿದವರು ಬರುತ್ತಾರೆ, ಓಣಿಯವರು ಬರುತ್ತಾರೆ. ನಾನು ಅವರಿಗೆ ವಿಡಿಯೊ ಮಾಡಿಲ್ಲ, ಅವರೂ ಕೇಳಿಲ್ಲ. ವಾರಕ್ಕೊಮ್ಮೆ ಹೋಗಿ ತಿಂದು ಬರುತ್ತೇನೆ. ಅಣ್ಣಾರು ತಟ್ಟೆ ಕೊಡುವಾಗ ಒಂದು ಮಾತು ಆಡುತ್ತಾರೆ. ಅಕ್ಕಾರು ಈಚೆಗೆ ಕೂಸು ಹೇಗಿದೆ ಎಂದು ಕೇಳುತ್ತಾರೆ, ನಾನು ನೋಡಿ ಬಂದದ್ದನ್ನು ಹೇಳುತ್ತೇನೆ.