ನೆಲ ಡೊಂಕೇ ಇತ್ತು

ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುತ್ತಾರೆ. ನಮ್ಮಕ್ಕನ ದ್ವೇಷದ ಮುಂದೆ ಹಾವು ಪಾಪದ ಪ್ರಾಣಿ.

ಅಮ್ಮ ಹೊಸ ಗ್ಯಾಸ್ ಒಲೆಯ ಹಿಂದಿನ ಬರ್ನರನ್ನು ಎಡಗೈಯಲ್ಲಿ ಒರೆಸುತ್ತಾ, ಹಾಲು ಕಾಯಿಸಲು ಮುಂದಿನದರ ಗುಂಡಿ ತಿರುಗಿಸಿದ್ದಳು. ತಿರುಗಿಸಿದರೆ ತಾನೇ ಹೊತ್ತಿಕೊಳ್ಳುವ ಒಲೆ. ನಾಲ್ಕು ಗುಂಡಿಗಳೂ ಒಂದೇ ಸಾಲಿನಲ್ಲಿ. ಯಾವುದು ಯಾವುದಕ್ಕೆ ಎಂದು ದೇವರಿಗೇ ಗೊತ್ತು. ಹೊತ್ತಿಕೊಂಡದ್ದು ಕೈಯಡಿಯ ಬರ್ನರ್. ಅವಳ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.

ಅಕ್ಕ ಅವಳನ್ನು ಒಲೆ ತಯಾರಿಸಿದ ಕಂಪನಿಗೆ ಕರೆದುಕೊಂಡು ಹೋದಳು. ಒಲೆಯ ವಿನ್ಯಾಸ ಮಾಡಿದ್ದ ಮುಖ್ಯಸ್ಥ ಕಟ್ಟು ಹಾಕಿದ ಕೈ ನೋಡಿ ನಕ್ಕ.

“ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಗಮನ ಇಟ್ಟು ಅಡುಗೆ ಮಾಡಮ್ಮ.”

ಅಮ್ಮ ಮನೆಗೆ ಬಂದು, “ತಪ್ಪು ನಂದೇ ಕಣೇ” ಅಂದಳು. ಅಕ್ಕನಿಗೆ ಹೊಟ್ಟೆ ಉರಿದದ್ದು ಆ ಮಾತಿಗೆ.

ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದವಳು ಸಂಜೆ ತರಗತಿಗೆ ಸೇರಿ ಯುಎಕ್ಸ್ ಡಿಸೈನ್ ಕಲಿತಳು. ವಸ್ತು ಬಳಸುವವರು ಎಲ್ಲಿ ಎಡವುತ್ತಾರೆ ಎಂದು ನೋಡಿ, ಅವರನ್ನಲ್ಲ, ವಸ್ತುವನ್ನು ತಿದ್ದುವ ವಿದ್ಯೆ ಅದು. ಪ್ರಯೋಗಕ್ಕೆ ಬಲಿಯಾದವರು ನಾವು. ಫ್ಯಾನಿನ ಸ್ವಿಚ್ಚಿಗೆ ಬಣ್ಣದ ಚುಕ್ಕೆ ಬಂತು, ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗಲೆಂದು ಶಾಂಪೂ ಬಾಟಲಿಗೆ ರಬ್ಬರ್ ಬ್ಯಾಂಡ್ ಬಂತು. ಅಪ್ಪ ಹೊಸ ನಲ್ಲಿಯನ್ನು ತಪ್ಪು ಕಡೆ ತಿರುಗಿಸಿ ಮೈಯೆಲ್ಲ ನೆನೆಸಿಕೊಂಡರೂ ಇವಳು ಕಂಬದಂತೆ ನಿಂತು ನೋಡುತ್ತಿದ್ದಳು.

“ಬಾಯಿಬಿಟ್ಟು ಹೇಳೋಕೇನು ರೋಗ ನಿಂಗೆ?”

“ಪರೀಕ್ಷೆ ಮಾಡೋವಾಗ ಮಾತಾಡಬಾರದು ಅಪ್ಪ. ಎಡವಿದೋರು ‘ತಪ್ಪು ನಂದು’ ಅಂದಾಗ ಮಾತ್ರ ‘ನಿಮ್ಮದಲ್ಲ, ವಸ್ತುವಿಂದು’ ಅನ್ಬೇಕು. ಅದೇ ನಿಯಮ.”

ಕೊನೆಗೆ ಅದೇ ಕಂಪನಿಯಲ್ಲಿ ಕೆಲಸ ಹಿಡಿದಳು. ಹೊಸ ಒಲೆ ತಯಾರಾಗಿತ್ತು. ಗುಂಡಿಗಳು ಮಾತ್ರ ಅದೇ ಹಳೆಯ ಸಾಲು. ಅಕ್ಕ ಮಾದರಿ ಒಲೆಯ ಬರ್ನರುಗಳೊಳಗೆ ಬೆಂಕಿಯ ಬದಲು ಕೆಂಪು ದೀಪ ಕೂರಿಸಿ, ಕಂಪನಿಯ ಯಜಮಾನಿಯ ಎದುರಿಗೇ ಪರೀಕ್ಷೆ ಇಟ್ಟಳು. ಒಲೆ ಬಳಸಿ ನೋಡುವವರೆಂದು ಅಮ್ಮನನ್ನೂ ನನ್ನನ್ನೂ ಕರೆಸಿ ಮೂಲೆಯಲ್ಲಿ ಕೂರಿಸಿದ್ದಳು.

“ಮೊದಲು ನೀವೇ ಮಾಡಿ ಸರ್. ಹಿಂದಿನ ಬರ್ನರ್ ಒರೆಸ್ತಾ ಮುಂದಿನದನ್ನ ಹಚ್ಚಿ.”

ಅದೇ ಮುಖ್ಯಸ್ಥ ನಗುತ್ತಲೇ ತಿರುಗಿಸಿದ. ಅವನ ಅಂಗೈಯಡಿ ಕೆಂಪು ದೀಪ ಹೊತ್ತಿತು. ಇನ್ನೊಂದು ಗುಂಡಿ ತಿರುಗಿಸಿದ. ಅದೂ ತಪ್ಪು. ಒರೆಸುವ ಬಟ್ಟೆಯಲ್ಲೇ ಹಣೆ ಒರೆಸಿಕೊಂಡ. ಅಕ್ಕ ತುಟಿ ಬಿಚ್ಚಲಿಲ್ಲ. ಆ ಮೌನವನ್ನು ಅವಳು ಚಪ್ಪರಿಸುತ್ತಿದ್ದಳು. ಸುಳ್ಳು ಯಾಕೆ, ನಾನೂ ಅಷ್ಟೇ.

“ತಪ್ಪು ನಂದೇ,” ಅಂದ ಅವನು ಯಜಮಾನಿಯ ಮುಖ ನೋಡದೆ. “ಗಮನ ಇರ್ಲಿಲ್ಲ.”

“ಈಗ ನಾನೊಂದು ಮಾತು ಹೇಳ್ಬೇಕು, ಸರ್. ನಿಮಗೂ ಗೊತ್ತಿರೋ ನಿಯಮ ಅದು,” ಅಂದಳು ಅಕ್ಕ. “ಆದರೆ ನಿಮಗೆ ಹೇಳೋಕೆ ನನ್ನ ನಾಲಿಗೆ ಏಳ್ತಿಲ್ಲ. ಅದನ್ನ ನೀವೇ ಅಲ್ಲಿ ಕೂತಿರೋರಿಗೆ ಹೇಳಿ. ಅವರು ನಮ್ಮಮ್ಮ.”

ಅವನು ಅಮ್ಮನ ಮಡಚದ ಬೆರಳುಗಳನ್ನು ನೋಡಿದ. ಗುರುತು ಸಿಕ್ಕಿತು. ಮುಖ ಕಪ್ಪಿಟ್ಟಿತು.

“ತಪ್ಪು ನಿಮ್ಮದಲ್ಲಮ್ಮ,” ಅಂದ. “ಒಲೆದು.”

ಅಮ್ಮ ಎದ್ದು ಬಂದು, ಅವನ ಕೈಯಿಂದ ಒರೆಸುವ ಬಟ್ಟೆ ತೆಗೆದುಕೊಂಡಳು.

“ಒಲೆ ತಾನಾಗೇ ಹುಟ್ಟಿತೇನಪ್ಪ?”